ಎದುರಂಗಡಿಯ ಟೆಸ್ಟ್ ಬಲ್ಬ್

ಅಡವಯ್ಯನ ಬಿಳಿ ಅಂಬಾಸಿಡರ್ ಮತ್ತೆ ತನ್ನ ಬ್ಯಾಟರಿ ಅಂಗಡಿ ಮುಂದೆ ಬಂದು ನಿಂತಿದ್ದು ನೋಡಿ ಅತಿಯಾಳಿಗೆ ಮೊದಲು ನಗು ಬಂತು, ಹಿಂದೆಯೇ ಸಿಟ್ಟು ಬಂತು. ಬಂದು ನಿಂತಿತು ಅನ್ನುವುದೂ ಪೂರ್ತಿ ನಿಜವಲ್ಲ. ಆಟೋ ಸ್ಟ್ಯಾಂಡಿನವರು ಹಿಂದಿನಿಂದ ತಳ್ಳಿ ತಂದು ನಿಲ್ಲಿಸಿದ್ದರು.

"ಈಗೇನಂತೆ ಅಡವಯ್ಯನವರೇ?"

"ಬ್ಯಾಟ್ರಿನೇ ಅಂತೆ ಕಣಮ್ಮ." ಮಧುಗಿರಿ ಕಡೆಯ ಅಡವಯ್ಯನಿಗೆ ಮದುವೆ ಮನೆಗಳಿಗೆ ಕಾರು ಓಡಿಸುವುದೇ ಕಸುಬು. ಹೆಗಲ ಮೇಲಿನ ಟವಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ. "ಊರು ಬುಡೋವಾಗ ಲೈಟು ಚೆಂದಾಗೇ ಇರ್ತದೆ. ಬಡವನಹಳ್ಳಿ ದಾಟೋ ಹೊತ್ಗೆ ಎಣ್ಣೆ ಮುಗುದ ದೀಪದಂಗೆ ಮಂಕಾಯ್ತದೆ. ನಿಲ್ಸಿ ಮತ್ತೆ ಸೆಲ್ಫ್ ಹೊಡುದ್ರೆ ಕುಂಯ್ ಅಂತದೆ, ಏಳಾಕಿಲ್ಲ. ಮೊನ್ನೆ ಹೊಳವನಹಳ್ಳೀಲಿ ಮದುಮಗನೇ ಇಳ್ದು ತಳ್ಳಿದ. ಪೇಟ ಬಿದ್ದೋಯ್ತು ಪಾಪ."

"ಬ್ಯಾಟರಿ ಅಂತ ಹೇಳಿದ ಮಹಾನುಭಾವರು ಯಾರು?"

ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು. ಅಡವಯ್ಯ ರಸ್ತೆಯ ಆಚೆಗೆ ಗದ್ದ ತಿರುಗಿಸಿದ.

ಆಚೆ, 'ವಾಸಿಫ್ ಆಟೋ ಎಲೆಕ್ಟ್ರಿಕಲ್ಸ್' ಬೋರ್ಡಿನ ಕೆಳಗೆ, ವಾಸಿಫ್ ಡೈನಮೋ ಒಂದನ್ನು ತೊಡೆಯ ಮೇಲಿಟ್ಟುಕೊಂಡು ತಾಮ್ರದ ತಂತಿ ಸುತ್ತುತ್ತಿದ್ದ. ತಲೆ ತಗ್ಗಿಸಿ ಬಹಳ ಶ್ರದ್ಧೆಯಿಂದಲೇ ಸುತ್ತುತ್ತಿದ್ದ. ಆದರೆ ತುಟಿಯ ಒಂದು ತುದಿ ಮೇಲೆದ್ದಿತ್ತು. ಅದು ತನಗಾಗಿಯೇ ಎದ್ದಿದೆ ಅನ್ನುವುದು ಅತಿಯಾಳಿಗೆ ಇಷ್ಟು ದೂರದಿಂದಲೂ ಕಾಣಿಸಿತು.

ಶಿರಾದ ಮಧುಗಿರಿ ರಸ್ತೆಯಲ್ಲಿ ಇದು ಹಳೆಯ ರಗಳೆ. ಓಡುವ ಕಾರಿನಲ್ಲಿ ಕರೆಂಟು ಹುಟ್ಟಿಸುವುದು ಡೈನಮೋ, ಅದನ್ನು ಕೂಡಿಟ್ಟುಕೊಳ್ಳುವುದು ಬ್ಯಾಟರಿ. ಲೈಟು ಮಂಕಾಯಿತು ಅಂತ ಯಾರಾದರೂ ಬಂದರೆ ಬ್ಯಾಟರಿ ಅಂಗಡಿಯವರು ಡೈನಮೋ ನೋಡಿಸಿ ಅನ್ನುತ್ತಾರೆ, ಡೈನಮೋ ಕಟ್ಟುವವರು ಬ್ಯಾಟರಿ ನೋಡಿಸಿ ಅನ್ನುತ್ತಾರೆ. ಗಿರಾಕಿ ರಸ್ತೆ ದಾಟಿ ದಾಟಿ ಸವೆಯುತ್ತಾನೆ. ಅತಿಯಾಳ ಅಬ್ಬಾ ಕಲಂದರ್ ಸಾಬರು 'ಸಿತಾರಾ ಬ್ಯಾಟರಿ' ತೆರೆದ ಕಾಲದಿಂದಲೂ ಹೀಗೇ ನಡೆದುಕೊಂಡು ಬಂದಿತ್ತು. ಅವರಿಗೆ ಸೊಂಟ ಹಿಡಿದ ಮೇಲೆ ಡಿಗ್ರಿ ಮುಗಿಸಿದ ಮಗಳು ಅಂಗಡಿಗೆ ಬಂದಳು, ಜಗಳವನ್ನೂ ಅಂಗಡಿಯ ಜೊತೆಗೇ ವಹಿಸಿಕೊಂಡಳು.

ನಿಜ ಹೇಳಬೇಕೆಂದರೆ ಆ ಜಗಳ ಇಲ್ಲದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ದುಪಟ್ಟಾದ ಅಂಚಿನಲ್ಲಿ ಆಸಿಡ್ ಹನಿ ಬಿದ್ದು ಸಣ್ಣ ಸಣ್ಣ ತೂತುಗಳಾಗಿದ್ದವು. ಅದನ್ನು ಭುಜಕ್ಕೆ ಎಳೆದು ಸಿಕ್ಕಿಸಿಕೊಂಡು ಅತಿಯಾ ರಸ್ತೆ ದಾಟಿದಳು. ಹಿಂದೆ ಅಡವಯ್ಯ.

"ಏನ್ರೀ, ನಮ್ಮ ಬ್ಯಾಟರಿ ಮೇಲೆ ನಿಮಗ್ಯಾಕೆ ಇಷ್ಟು ಕೋಪ?"

"ಕೋಪ ಎಲ್ಲಿ ಬಂತ್ರೀ?" ವಾಸಿಫ್ ತಲೆ ಎತ್ತಿದ. "ಡೈನಮೋ ಹದಿನಾಲ್ಕು ವೋಲ್ಟ್ ಕೊಡ್ತಾ ಇದೆ. ನಾನೇ ಕಟ್ಟಿದ್ದು, ನಾನೇ ಮೀಟರ್ ಇಟ್ಟು ನೋಡಿದೀನಿ. ಅದನ್ನ ಕುಡಿಯೋಕೆ ನಿಮ್ಮ ಬ್ಯಾಟರಿಗೆ ಬಾಯೇ ಇಲ್ಲ ಅಂದ್ರೆ ನಾನೇನ್ ಮಾಡ್ಲಿ?"

"ನಮ್ಮ ಚಾರ್ಜರ್‌ನಲ್ಲಿ ಇಟ್ರೆ ಗಟಗಟ ಅಂತ ಕುಡೀತದೆ. ಲೋಡ್ ಹಾಕಿ ನೋಡಿದ್ರೂ ಗಟ್ಟಿಯಾಗಿ ನಿಲ್ತದೆ. ನಿಮ್ಮ ಡೈನಮೋ ಮುಖ ನೋಡಿದ ತಕ್ಷಣ ಮಾತ್ರ ಅದಕ್ಕೆ ಹಸಿವು ಸತ್ತೋಗುತ್ತಾ?"

"ನಿಮ್ಮ ಕಿವಿ ಹತ್ರ ಏನೋ ಕಪ್ಪಾಗಿದೆ."

ಅತಿಯಾಳ ಕೈ ತಾನಾಗಿಯೇ ಕಿವಿಗೆ ಹೋಯಿತು. ಬೆರಳು ನೋಡಿಕೊಂಡಳು. ಏನೂ ಇರಲಿಲ್ಲ.

"ಎಲ್ಲಿದೆ?"

"ಇಲ್ಲ. ನೀವು ಕಿವಿ ಮುಟ್ಕೊಂಡಾಗ ಮಾತು ನಿಲ್ಸ್ತೀರ, ಅದಕ್ಕೇ ಹೇಳಿದೆ."

ಅಡವಯ್ಯ ಇಬ್ಬರ ಮುಖವನ್ನೂ ನೋಡಿದ, ಆಮೇಲೆ ಎದುರಿನ ಲೈಟ್ ಕಂಬ ನೋಡತೊಡಗಿದ. ಅತಿಯಾಳಿಗೆ ಕೆನ್ನೆ ಬಿಸಿಯಾಯಿತು. ಬೆನ್ನು ತಿರುಗಿಸಿ ಹೊರಟವಳಿಗೆ ತನ್ನ ಹೆಜ್ಜೆ ಯಾಕೋ ಕುಣಿಯುತ್ತಿದೆ ಅನ್ನಿಸಿ, ಬೇಕೆಂದೇ ನಿಧಾನವಾಗಿ ನಡೆದಳು.

ಅವನ ಹತ್ತಿರ ಒಂದು ಟೆಸ್ಟ್ ಬಲ್ಬ್ ಇತ್ತು. ಎರಡು ತುಂಡು ವೈರಿಗೆ ಕಟ್ಟಿದ ಪುಟ್ಟ ಬಲ್ಬು, ಎಲ್ಲಿ ಕರೆಂಟ್ ಇದೆ ಎಲ್ಲಿಲ್ಲ ಅಂತ ನೋಡುವುದಕ್ಕೆ. ಸಂಜೆ ಶಟರ್ ಎಳೆಯುವ ಮೊದಲು ವಾಸಿಫ್ ಅದನ್ನು ಬ್ಯಾಟರಿಗೆ ಮುಟ್ಟಿಸಿ ಒಂದು ಸಲ ಮಿಣುಕಿಸುತ್ತಿದ್ದ. ಕೆಲಸಕ್ಕಲ್ಲ. ಇವಳ ಕಡೆ ನೋಡಿಕೊಂಡು ಮಿಣುಕಿಸುತ್ತಿದ್ದ. ಅತಿಯಾ ಆ ಹೊತ್ತಿಗೆ ಗಲ್ಲಾಪೆಟ್ಟಿಗೆ ಒರೆಸುತ್ತಲೋ ಡಿಸ್ಟಿಲ್ಡ್ ವಾಟರ್ ಕ್ಯಾನ್ ಜೋಡಿಸುತ್ತಲೋ ಇರುತ್ತಿದ್ದಳು. ಒಂದು ದಿನವೂ ತಿರುಗಿ ಏನೂ ಹೇಳಿರಲಿಲ್ಲ, ಒಂದು ದಿನವೂ ನೋಡದೆ ಬಿಟ್ಟಿರಲಿಲ್ಲ.

ಹೋದ ವಾರ ವಾಸಿಫ್‌ನ ತಾಯಿ ಅಮೀನಾಬಿ ಖರ್ಜೂರದ ಡಬ್ಬಿ ಹಿಡಿದು ಮನೆಗೆ ಬಂದಿದ್ದರು. ಅತಿಯಾ ಚಹಾದ ಟ್ರೇ ಹಿಡಿದು ಅಡುಗೆಮನೆಯ ಪರದೆಯ ಹಿಂದೆ ನಿಂತಳು. ರಿಶ್ತೆ, ಮದುವೆ ಸಂಬಂಧ, ಅನ್ನುವ ಮಾತು ಕಿವಿಗೆ ಬಿದ್ದಾಗ ಕಪ್ಪುಗಳು ಕಟಕಟ ಸದ್ದು ಮಾಡಿದವು.

ಅಬ್ಬಾ ಮುಖ ಗಂಟಿಕ್ಕಿ ಹೇಳಿದ್ದರು. "ನನ್ನ ಬ್ಯಾಟರಿ ಡಬ್ಬಾ ಅಂತ ಊರೆಲ್ಲ ಹೇಳ್ಕೊಂಡು ಬರೋ ಹುಡುಗನಿಗೆ ಮಗಳನ್ನ ಹೆಂಗೆ ಕೊಡ್ಲಿ ಆಪಾ? ಅಡವಯ್ಯನ ಕಾರಿಂದೇ ತಗೊಳ್ಳಿ. ಬ್ಯಾಟರಿ ಸರಿಯಾಗಿದೆ, ತಪ್ಪು ನನ್ನ ಡೈನಮೋದ್ದು ಅಂತ ನಾಲ್ಕು ಜನದ ಮುಂದೆ ಒಪ್ಕೊಳ್ಳಲಿ. ಆಮೇಲೆ ರಿಶ್ತೆ ಮಾತು. ಇಲ್ಲ ಅಂದ್ರೆ ಮುಂದಿನ ವಾರ ಶುಕ್ರವಾರ ತುಮಕೂರಿನ ಗಂಡಿನವರು ಬರ್ತಾರೆ, ಅವರಿಗೇ ಮಾತು ಕೊಡ್ತೀನಿ."

ಅಮೀನಾಬಿ ಸೆರಗು ಸರಿಮಾಡಿಕೊಂಡು ಎದ್ದರು. ಪರದೆಯ ಕಡೆಗೆ ಮಾತ್ರ ಯಾರೂ ತಿರುಗಿ ನೋಡಲಿಲ್ಲ. ಟ್ರೇಯಲ್ಲಿದ್ದ ಚಹಾ ಆರಿ ಕೆನೆ ಕಟ್ಟಿತು.

ಇವತ್ತು ಬುಧವಾರ.

ಮಧ್ಯಾಹ್ನ ಅಬ್ಬಾ ನಮಾಜಿಗೆ ಹೋದ ಹೊತ್ತಿಗೆ ಸರಿಯಾಗಿ ವಾಸಿಫ್‌ಗೆ ಡಿಸ್ಟಿಲ್ಡ್ ವಾಟರ್ ಬೇಕಾಯಿತು. ಕೌಂಟರಿನ ಆಚೆ ಬಂದು ನಿಂತ. ಬೆರಳುಗಳಿಗೆ ವಾರ್ನಿಶ್ ಮೆತ್ತಿ ಜೇನಿನ ಬಣ್ಣ ಬಂದಿತ್ತು. ಜನರ ಮುಂದೆ 'ರೀ' ಅನ್ನುವವನು ಯಾರೂ ಇಲ್ಲದಾಗ ಸ್ಕೂಲಿನ ದಿನಗಳ ಸಲಿಗೆಗೆ ಇಳಿಯುತ್ತಿದ್ದ.

"ಅತಿಯಾ, ಒಂದು ಮಾತು. ಸಂಜೆ ನಾನೇ ಬಂದು ನಿಮ್ಮ ಅಬ್ಬಾ ಮುಂದೆ ಹೇಳ್ಬುಡ್ತೀನಿ."

"ಏನಂತ?"

"ಡೈನಮೋದ್ದೇ ತಪ್ಪು, ವೈಂಡಿಂಗ್ ಕೆಟ್ಟದಾಗಿ ಕಟ್ಟಿದ್ದೆ ಅಂತ."

"ಕೆಟ್ಟದಾಗಿ ಕಟ್ಟಿದೀಯಾ?"

ವಾಸಿಫ್ ಕೌಂಟರಿನ ಮೇಲೆ ಬೆರಳಿನಿಂದ ಗೆರೆ ಎಳೆದ. "ಇಲ್ಲ."

ಒಂದೇ ಒಂದು ಸುಳ್ಳು. ಅಬ್ಬಾ ಮೀಸೆ ತಿರುವಿಕೊಳ್ಳುತ್ತಾರೆ, ತುಮಕೂರಿನವರು ತುಮಕೂರಿನಲ್ಲೇ ಉಳಿಯುತ್ತಾರೆ, ಇವನು ತನ್ನವನಾಗುತ್ತಾನೆ. ಹೂಂ ಅಂದುಬಿಡು ಅಂತ ಮನಸ್ಸು ಕೈ ಹಿಡಿದು ಎಳೆಯಿತು. ಆದರೆ ಎದುರಿಗಿದ್ದ ಬೆರಳುಗಳನ್ನು ನೋಡಿದಳು. ಆ ಬೆರಳುಗಳು ಕಟ್ಟಿದ ಡೈನಮೋಗಳು ಪಾವಗಡದಿಂದ ಕೊರಟಗೆರೆವರೆಗೆ ಓಡುತ್ತವೆ. ಕೆಟ್ಟದಾಗಿ ಕಟ್ಟಿದೆ ಅಂತ ಅವನೇ ಬಾಯಿಬಿಟ್ಟು ಹೇಳಿದರೆ ನಾಳೆಯಿಂದ ಆ ಅಂಗಡಿ ಮೆಟ್ಟಿಲು ಯಾರು ಹತ್ತುತ್ತಾರೆ?

"ಬೇಡ," ಅಂದಳು.

"ಯಾಕೆ?"

"ಇವತ್ತು ನನಗೋಸ್ಕರ ಸುಳ್ಳು ಹೇಳ್ತೀಯ. ನಾಳೆ ನೀನು ನನಗೆ ಏನೇ ಹೇಳಿದ್ರೂ ಇದು ನಿಜಾನಾ ಅಂತ ಮೀಟರ್ ಇಟ್ಟು ನೋಡ್ತಾ ಕೂರ್ಬೇಕಾಗುತ್ತೆ. ಕಾರನ್ನ ಇಬ್ಬರೂ ಸೇರಿ ನೋಡೋಣ. ನಿನ್ನಂಗಡಿನೂ ಬೇಡ, ನಮ್ಮಂಗಡಿನೂ ಬೇಡ. ರಸ್ತೆ ಪಕ್ಕ ನಿಲ್ಸಿ, ಎಲ್ಲರ ಮುಂದೆ."

"ಬ್ಯಾಟರಿದೇ ತಪ್ಪು ಅಂತ ಬಂದ್ರೆ? ನಿಮ್ಮ ಅಬ್ಬಾ ಆಮೇಲೆ ಈ ಜನ್ಮದಲ್ಲಿ ನನ್ನ ಮುಖ ನೋಡಲ್ಲ."

"ಬಂದ್ರೆ ಬರಲಿ."

ವಾಸಿಫ್ ಅವಳನ್ನೇ ನೋಡಿದ. ನಿಧಾನವಾಗಿ ತುಟಿಯ ಆ ತುದಿ ಮತ್ತೆ ಎದ್ದಿತು. "ಅಂದ್ರೆ ರಿಶ್ತೆ ನಿನಗೆ ಇಷ್ಟ ಇದೆ ಅಂತ ತಾನೆ?"

"ಡಿಸ್ಟಿಲ್ಡ್ ವಾಟರ್ ತಗೊಂಡು ಹೋಗು."

"ಉತ್ತರ ಕೇಳಿದೆ."

"ನೀರು ಕೇಳೋಕೆ ಬಂದೋನು ನೀನು. ನೀರು ಕೊಟ್ಟಿದೀನಿ."

ಅವನು ನಗುತ್ತಾ ಹೋದ, ಕ್ಯಾನ್ ಮರೆತು. ಅತಿಯಾ ಅದನ್ನು ಎತ್ತಿಕೊಂಡು ಒಂದಷ್ಟು ಹೊತ್ತು ಸುಮ್ಮನೆ ಎದೆಗೆ ಒತ್ತಿ ಹಿಡಿದಿದ್ದಳು. ಮನಸ್ಸಿನಲ್ಲಿ ಒಂದು ಪ್ರಾರ್ಥನೆ ಹುಟ್ಟಿತು: ಯಾ ಅಲ್ಲಾ, ಡೈನಮೋದ್ದೇ ತಪ್ಪಾಗಿರಲಿ. ಮರುಕ್ಷಣವೇ ನಾಚಿಕೆಯಾಗಿ ಅದನ್ನು ವಾಪಸ್ ತಗೊಂಡಳು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅಂಬಾಸಿಡರ್ ಎರಡೂ ಅಂಗಡಿಗಳ ನಡುವೆ, ರಸ್ತೆ ಬದಿಯ ಬೇವಿನ ಮರದ ಕೆಳಗೆ ನಿಂತಿತ್ತು. ಆಟೋದವರು, ಟೀ ಅಂಗಡಿಯವರು, ಪಂಕ್ಚರ್ ಅಂಗಡಿಯವರು ಎಲ್ಲರೂ ಸೇರಿದರು. ಅಬ್ಬಾ ತಮ್ಮ ಕುರ್ಚಿಯನ್ನೇ ಹೊರಗೆ ತರಿಸಿ ಕೂತರು. ಅಮೀನಾಬಿ ಮಗನ ಅಂಗಡಿಯ ಮೆಟ್ಟಿಲ ಮೇಲೆ, ಯಾವುದಕ್ಕೂ ಸಂಬಂಧ ಇಲ್ಲದವರ ಹಾಗೆ ನಿಂತಿದ್ದರು.

ಅಡವಯ್ಯ ಬಾನೆಟ್ ಎತ್ತಿದ. ಒಳಗೆಲ್ಲ ಕೆಂಪು ಬಣ್ಣ ಹೊಸದಾಗಿ ಹೊಳೆಯುತ್ತಿತ್ತು. ಆಯುಧ ಪೂಜೆಯ ಕುಂಕುಮ ಇನ್ನೂ ಅಲ್ಲಲ್ಲಿ ಉಳಿದಿತ್ತು, ಮೂಲೆಯಲ್ಲಿ ಒಣಗಿದ ಚೆಂಡುಹೂವು ಸಿಕ್ಕಿಕೊಂಡಿತ್ತು.

ಕಾರನ್ನು ತಳ್ಳಿಯೇ ಸ್ಟಾರ್ಟ್ ಮಾಡಿದರು. ಹೆಡ್‌ಲೈಟ್ ಹಾಕಿದರು. ಎದುರಿನ ಗೋಡೆಯ ಮೇಲೆ ಎರಡು ಹಳದಿ ಮಚ್ಚೆ ಬಿದ್ದವು, ಬಿದ್ದೂ ಬೀಳದ ಹಾಗೆ.

"ಮೊದಲು ನಿಮ್ಮದು," ಅತಿಯಾ ಅಂದಳು.

ವಾಸಿಫ್ ಡೈನಮೋದ ಮೇಲೆಯೇ ಮೀಟರಿನ ಎರಡೂ ಕಡ್ಡಿ ಇಟ್ಟ. ಹದಿನಾಲ್ಕು ದಾಟಿತು. ಜನ ಹೋ ಅಂದರು. ಅಬ್ಬಾ ಗಂಟಲು ಸರಿಮಾಡಿಕೊಂಡರು.

"ಈಗ ನಿಮ್ಮದು," ಅಂತ ಮೀಟರ್ ಅವಳ ಕೈಗೆ ಕೊಟ್ಟ. ಕೊಡುವಾಗ ಬೆರಳಿಗೆ ಬೆರಳು ತಾಕಿತು. ಇಬ್ಬರೂ ತಾಕಿಲ್ಲ ಅನ್ನುವ ಹಾಗೆ ಮುಖ ಮಾಡಿಕೊಂಡರು.

ಅತಿಯಾ ಬ್ಯಾಟರಿಯ ಮೇಲೆ ಕಡ್ಡಿ ಇಟ್ಟಳು. ಹನ್ನೆರಡರ ಹತ್ತಿರ ಬಂದು ನಿಂತಿತು.

"ನೋಡಿದ್ರಾ, ಬ್ಯಾಟರಿ ವೀಕು," ಆಟೋದವನೊಬ್ಬ ಅಂದ.

"ಸುಮ್ನಿರಪ್ಪ," ಅಂದಳು ಅತಿಯಾ. ಅವಳ ದನಿಯಲ್ಲಿ ಜಗಳ ಇರಲಿಲ್ಲ. ಹುಬ್ಬು ಕೂಡಿಕೊಂಡಿತ್ತು. "ಅಲ್ಲಿಂದ ಹದಿನಾಲ್ಕು ಹೊರಡ್ತಾ ಇದೆ, ಇಲ್ಲಿ ಹನ್ನೆರಡು ಮುಟ್ತಾ ಇದೆ. ಮಿಕ್ಕಿದ್ದು ಎಲ್ಲಿ ಹೋಯ್ತು?"

ವಾಸಿಫ್ ಅವಳ ಪಕ್ಕಕ್ಕೆ ಬಗ್ಗಿದ. ಇಷ್ಟು ದಿನ ಅವನು ಡೈನಮೋವನ್ನು ಮಾತ್ರ ನೋಡಿದ್ದ, ಅವಳು ಬ್ಯಾಟರಿಯನ್ನು ಮಾತ್ರ ನೋಡಿದ್ದಳು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಪುರುಸೊತ್ತು ಆ ಜಗಳದಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

"ನಡುವಿನ ವೈರ್ ನೋಡೋಣ." ಡೈನಮೋದಿಂದ ಬ್ಯಾಟರಿಗೆ ಬರುವ ದಪ್ಪ ವೈರಿನ ಎರಡು ತುದಿಗೆ ಮೀಟರ್ ಇಟ್ಟ. "ಇದು ಸರಿಯಾಗೇ ಇದೆ. ದಾರಿಯಲ್ಲಿ ಏನೂ ಸೋರ್ತಾ ಇಲ್ಲ."

"ಅದು ಹೋಗೋ ದಾರಿ." ಅತಿಯಾಳ ಕಣ್ಣು ಅರಳಿತು. "ವಾಪಸ್ ಬರೋ ದಾರಿ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರಿನಲ್ಲಿ ಕರೆಂಟು ಹೋಗುವುದಕ್ಕೆ ಮಾತ್ರ ವೈರು. ವಾಪಸ್ ಬರುವುದು ಕಾರಿನ ಕಬ್ಬಿಣದ ಮೈಯಲ್ಲೇ, ಇಂಜಿನ್ನಿಗೂ ಬಾಡಿಗೂ ನಡುವೆ ಬಿಗಿದ ಒಂದು ಪಟ್ಟಿಯ ಮೂಲಕ. ಅರ್ತ್ ಪಟ್ಟಿ. ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅತಿಯಾ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದನ್ನು ಇಂಜಿನ್ನಿನ ಮೈಮೇಲೆ ಒತ್ತಿದಳು. ಸೊನ್ನೆ ಬರಬೇಕಾದ ಕಡೆ ಸುಮಾರು ಎರಡು ತೋರಿಸಿತು.

"ಸಿಕ್ತು," ಅಂದಳು.

"ಸಿಕ್ತು," ಅಂದ ವಾಸಿಫ್‌ನೂ, ಅವಳಿಗಿಂತ ಮೆಲ್ಲಗೆ.

ಅಂಗಡಿಗೆ ಓಡಿ ಜಂಪರ್ ಕೇಬಲ್ ತಂದ. ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿದ, ಇನ್ನೊಂದು ಕ್ಲಿಪ್ಪನ್ನು ಅವಳಿಗೆ ಕೊಟ್ಟ. "ನೀವೇ ಮುಟ್ಸಿ."

ಅವಳು ಇಂಜಿನ್ನಿಗೆ ಕ್ಲಿಪ್ ಒತ್ತಿದಳು.

ಗೋಡೆ ಬೆಳಗಿತು. ಎರಡು ಹಳದಿ ಮಚ್ಚೆಗಳಿದ್ದಲ್ಲಿ ಬಿಳಿ ಬೆಳಕು ಧಗ್ಗನೆ ಹೊಡೆಯಿತು. ಜನ ಕಣ್ಣಿಗೆ ಕೈ ಅಡ್ಡ ಹಿಡಿದರು, ಟೀ ಅಂಗಡಿಯವನು ಶಿಳ್ಳೆ ಹಾಕಿದ. ಕ್ಲಿಪ್ಪು ದೊಡ್ಡದು, ಕಚ್ಚಿ ನಿಲ್ಲುತ್ತಿರಲಿಲ್ಲ. ಕೈ ಬಿಟ್ಟರೆ ಮಂಕಾಗುತ್ತಿತ್ತು, ಒತ್ತಿದರೆ ಬೆಳಗುತ್ತಿತ್ತು. ಅತಿಯಾ ಎರಡು ಮೂರು ಸಲ ಬಿಟ್ಟು ಬಿಟ್ಟು ಒತ್ತಿದಳು, ಚಿಕ್ಕ ಹುಡುಗಿಯ ಹಾಗೆ.

ವಾಸಿಫ್ ಗೋಣಿತಾಟು ಹಾಸಿಕೊಂಡು ಕಾರಿನ ಕೆಳಗೆ ನುಗ್ಗಿದ. ಒಳಗಿನಿಂದ ಅವನ ನಗು ಕೇಳಿಸಿತು. "ಅಡವಯ್ಯಣ್ಣ, ಈ ಪಟ್ಟಿ ಕೆಳಗೂ ಬಣ್ಣ ಹೊಡ್ದಿದಾರಲ್ಲ, ಯಾರದು ಈ ಘನಕಾರ್ಯ?"

ಅಡವಯ್ಯ ಎದೆಯುಬ್ಬಿಸಿದ. "ನಾನೇ ಕಣಪ್ಪ. ಆಯುಧ ಪೂಜೆಗೆ ಅಂತ ಬಳುದೆ. ಆ ಪಟ್ಟಿ ಬಿಚ್ಚಿ, ಅದರ ಬುಡಕ್ಕೂ ಎಲ್ಡು ಕೋಟು ಹೊಡ್ದು, ಒಣಗ್ಸಿ ಮತ್ತೆ ಬಿಗುದೆ. ದೇವರ ಮುಂದೆ ಅರೆಬರೆ ಕೆಲ್ಸ ಆಗ್ಬಾರ್ದು ನೋಡು."

ಬಣ್ಣದ ಮೇಲೆ ಕೂತ ಪಟ್ಟಿಗೆ ಕಬ್ಬಿಣವೇ ಸಿಕ್ಕಿರಲಿಲ್ಲ. ಕರೆಂಟಿಗೆ ವಾಪಸ್ ಬರುವ ದಾರಿಯನ್ನು ಅಡವಯ್ಯ ಭಕ್ತಿಯಿಂದ ಮುಚ್ಚಿಬಿಟ್ಟಿದ್ದ. ವಿಷಯ ತಿಳಿದು ನಕ್ಕ ಜನರಿಗೆ ಹೊಟ್ಟೆ ಹಿಡಿದುಕೊಳ್ಳುವ ಹಾಗಾಯಿತು. ಅಮೀನಾಬಿ ಕೂಡ ಸೆರಗು ಬಾಯಿಗೆ ಒತ್ತಿಕೊಂಡರು.

ನಗದೆ ಇದ್ದವರು ಕಲಂದರ್ ಸಾಬರು ಒಬ್ಬರೇ. "ಬ್ಯಾಟರಿ ಸರಿಯಾಗಿದೆ ಅಂತ ಆಯ್ತಲ್ಲ," ಅಂದರು.

"ಆಯ್ತು ಚಾಚಾ," ಕಾರಿನ ಕೆಳಗಿನಿಂದ ವಾಸಿಫ್ ಹೇಳಿದ. "ಬ್ಯಾಟರೀದು ತಪ್ಪು ಅಂತ ನಾನು ಹೇಳಿದ್ದು ತಪ್ಪು. ಎಲ್ಲರ ಮುಂದೆ ಹೇಳ್ತಾ ಇದೀನಿ. ಆದ್ರೆ ಡೈನಮೋದ್ದೂ ತಪ್ಪಿಲ್ಲ."

ಅಬ್ಬಾ ಹಾಕಿದ ಷರತ್ತು ಅರ್ಧ ಈಡೇರಿತ್ತು. ಪೂರ್ತಿ ಅಲ್ಲ. ಅಬ್ಬಾ ಗಡ್ಡ ನೀವಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಒಪ್ಪುವ ಮನಸ್ಸೂ ಇತ್ತು, ಇಷ್ಟು ಜನರ ಮುಂದೆ ಆಡಿದ ಮಾತಿನಿಂದ ಇಳಿಯುವುದು ಹೇಗೆ ಅನ್ನುವ ಪೇಚಾಟವೂ ಇತ್ತು.

"ನಾನು ಹೇಳಿದ್ದು, ತಪ್ಪು ಒಪ್ಕೊಂಡ್ರೆ ರಿಶ್ತೆ ಅಂತ," ಎಂದರು ಕೊನೆಗೆ.

"ತಪ್ಪು ನಂದು ಸಾಬ್ರೆ," ಅಡವಯ್ಯ ಮುಂದೆ ಬಂದ. "ನಾನೇ ಒಪ್ಕಂಡಿವ್ನಿ. ಇನ್ನೇನು? ಅಲ್ಲ, ನಂಗೊಂದು ಗೊತ್ತಾಯ್ತಿಲ್ಲ. ನಿಮ್ಮೋರ ಎಷ್ಟು ಮದ್ವೆಗೆ ಕಾರು ತಂದಿವ್ನಿ. ದೊಡ್ಡೋರು ಮೊದ್ಲು ಒಳಗೋಗಿ ಹುಡುಗಿ ಬಾಯಲ್ಲಿ ಹೂಂ ಅನ್ನಿಸ್ಕಂಡು ಬತ್ತಾರೆ. ಆಮೇಲೇನೇ ಗಂಡಿನ ತಾವ ಕೇಳೋದು. ಇಲ್ಲಿ ಬ್ಯಾಟ್ರಿ ಕೇಳುದ್ರಿ, ಡೈನಮೋ ಕೇಳುದ್ರಿ. ಈ ತಾಯೀನ ಯಾರಾರ ಕೇಳುದ್ರಾ?"

ಕಲಂದರ್ ಸಾಬರು ಮಗಳ ಕಡೆ ತಿರುಗಿದರು. ಅವತ್ತು ಪರದೆಯ ಹಿಂದೆ ಟ್ರೇ ಹಿಡಿದು ನಿಂತಿದ್ದವಳು ಅವರಿಗೆ ಈಗ ಕಂಡಿರಬೇಕು. "ಕೇಳಲಿಲ್ಲ," ಅಂದರು ಮೆಲ್ಲಗೆ. "ಬೇಟಿ, ತಪ್ಪಾಯ್ತು. ಈಗ ಕೇಳ್ತೀನಿ. ಇಲ್ಲಿ ಬೇಡ ಅಂದ್ರೆ ಮನೇಲಿ ಹೇಳು. ನೀನು ಸುಮ್ನಿದ್ರೂ ನಾನು ಅರ್ಥ ಮಾಡ್ಕೋತೀನಿ."

ಕಾರಿನ ಕೆಳಗೆ ವಾಸಿಫ್‌ನ ಕಾಲುಗಳು ಅಲ್ಲಾಡದೆ ಚಾಚಿಕೊಂಡಿದ್ದವು. ಎಷ್ಟು ಸಂಜೆ ಅವನು ಬಲ್ಬು ಮಿಣುಕಿಸಿದ್ದ, ಎಷ್ಟು ಸಂಜೆ ತಾನು ಗಲ್ಲಾಪೆಟ್ಟಿಗೆ ಒರೆಸಿದ್ದೆ ಅಂತ ಅತಿಯಾಳಿಗೆ ನೆನಪಾಯಿತು. ಹುಡುಗಿ ಸುಮ್ಮನಿದ್ದರೆ ಒಪ್ಪಿಗೆ ಅಂತ ಎಲ್ಲರೂ ತಿಳಿದುಕೊಳ್ಳುತ್ತಾರೆ. ಆದರೆ ಅವಳಿಗೆ ಸುಮ್ಮನಿದ್ದು ಸಾಕಾಗಿತ್ತು.

"ನಾನು ಸುಮ್ನಿರಲ್ಲ ಅಬ್ಬಾ," ಅಂದಳು. "ನನಗೆ ಇವರು ಇಷ್ಟ. ಮೊದಲಿಂದ್ಲೂ ಇಷ್ಟ. ಡೈನಮೋ ಕೆಟ್ಟಿದ್ರೂ ಇದೇ ಹೇಳ್ತಿದ್ದೆ."

ಕಾರಿನ ಕೆಳಗೆ ಸ್ಪ್ಯಾನರ್ ಬಿದ್ದ ಸದ್ದಾಯಿತು, ಅದರ ಹಿಂದೆ ಹಣೆ ಕಬ್ಬಿಣಕ್ಕೆ ಬಡಿದ ಸದ್ದು. ವಾಸಿಫ್ ಹಣೆ ಉಜ್ಜಿಕೊಳ್ಳುತ್ತಾ ಹೊರಗೆ ಬಂದ. ಮೂಗಿನ ಮೇಲೆ ಕೆಂಪು ಬಣ್ಣದ ಪುಡಿ. ಏನೋ ಹೇಳಲು ಹೋದ.

"ನಿಮ್ಮ ಮೂಗಿನ ಮೇಲೆ ಕೆಂಪಾಗಿದೆ," ಅತಿಯಾ ಹೇಳಿದಳು.

"ಸುಳ್ಳು," ಅಂದ ಅವನು.

"ನೀವು ಮಾತು ನಿಲ್ಸ್ಲಿ ಅಂತ ಹೇಳಿದ್ದಲ್ಲ. ನಿಜವಾಗ್ಲೂ ಇದೆ."

ಕಲಂದರ್ ಸಾಬರು ಸೊಂಟ ಹಿಡಿದುಕೊಂಡು ಎದ್ದು, ಎದುರಂಗಡಿಯ ಮೆಟ್ಟಿಲ ಕಡೆ ನಡೆದರು. "ಆಪಾ, ತುಮಕೂರಿನವರಿಗೆ ಬರಬೇಡಿ ಅಂತ ಇವತ್ತೇ ಫೋನ್ ಮಾಡ್ತೀನಿ. ಶುಕ್ರವಾರ ನೀವೇ ಬನ್ನಿ. ಅವತ್ತು ಚಹಾ ಕುಡೀಲೇ ಇಲ್ಲ ನೀವು."

ಅಮೀನಾಬಿ ಕಣ್ಣೊರೆಸಿಕೊಂಡರು. "ಖರ್ಜೂರದ ಡಬ್ಬಿ ನಿಮ್ಮನೇಲೇ ಇದೆ, ಭಾಯಿ. ಬೇರೆ ತರಲ್ಲ," ಅಂದರು.

ವಾಸಿಫ್ ಬಣ್ಣ ಕೆರೆದು, ಬೆಳ್ಳಗೆ ಕಬ್ಬಿಣ ಕಾಣಿಸಿದ ಮೇಲೆ ಪಟ್ಟಿ ಬಿಗಿದ. ಅಡವಯ್ಯ ಇಂಜಿನ್ ಆರಿಸಿ ಮತ್ತೆ ಸೆಲ್ಫ್ ಹೊಡೆದ. ಒಂದೇ ಏಟಿಗೆ ಎದ್ದಿತು. "ನಿಮ್ಮ ಮದ್ವೆಗೆ ಇದೇ ಕಾರು ಕಣಪ್ಪ," ಅಂತ ಕಿಟಕಿಯಿಂದ ಕೂಗಿದ. "ಮದುಮಗ ತಳ್ಳಂಗಿಲ್ಲ." ಬೆಳಕು ಚೆಲ್ಲಿಕೊಂಡು ಮಧುಗಿರಿ ಕಡೆಗೆ ಹೊರಟುಹೋದ.

ಜನ ಕರಗಿದರು. ಅಬ್ಬಾ ಒಳಗೆ ಬಂದು ತುಮಕೂರಿನ ನಂಬರ್ ಹುಡುಕತೊಡಗಿದರು. ಅತಿಯಾ ಎಂದಿನಂತೆ ಗಲ್ಲಾಪೆಟ್ಟಿಗೆ ಒರೆಸುತ್ತಿದ್ದಳು. ರಸ್ತೆಯ ಆಚೆ ವಾಸಿಫ್ ಶಟರ್ ಅರ್ಧ ಎಳೆದ. ಟೆಸ್ಟ್ ಬಲ್ಬ್ ತೆಗೆದುಕೊಂಡ. ಇವಳ ಕಡೆ ನೋಡಿದ. ಬಲ್ಬು ಒಂದು ಸಲ ಮಿಣುಕಿತು.

ಅತಿಯಾ ಬಟ್ಟೆ ಕೆಳಗಿಟ್ಟಳು. ಗೋಡೆಯ ಹತ್ತಿರ ಹೋಗಿ, 'ಸಿತಾರಾ ಬ್ಯಾಟರಿ' ಬೋರ್ಡಿನ ಸ್ವಿಚ್ ಆರಿಸಿ ಹಾಕಿದಳು. ಇಡೀ ಬೋರ್ಡು, ಆ ದೊಡ್ಡ ಹಸಿರು ನಕ್ಷತ್ರದ ಸಮೇತ, ಒಂದು ಸಲ ಆರಿ ಹೊತ್ತಿಕೊಂಡಿತು.

ಆಚೆ ವಾಸಿಫ್ ಶಟರ್ ಹಿಡಿದುಕೊಂಡೇ ನಿಂತುಬಿಟ್ಟ.

"ಒಂದು ಸಲ ಸಾಕು, ಅವನಿಗೆ ಗೊತ್ತಾಗಿದೆ," ಅಂದರು ಅಬ್ಬಾ, ಫೋನಿನಿಂದ ತಲೆ ಎತ್ತದೆ. "ದಿನಾ ನೋಡ್ತಾ ಇದ್ದೆ ನಾನು, ಆ ಹುಡುಗನ ಬಲ್ಬನ್ನ."

ಅತಿಯಾ ತುಟಿ ಕಚ್ಚಿಕೊಂಡು ನಿಂತಳು. ಆಮೇಲೆ ಇನ್ನೊಂದು ಸಲ ಸ್ವಿಚ್ ಒತ್ತಿದಳು.